ಈ ಶರದೃತುವಿನಲ್ಲಿ ಗಾಳವೋ, ಬಂದೂಕೋ?

ಇವತ್ತಿನ ಮಾತು ಶುರುವಾಗಿದ್ದು ನಮ್ಮ ಅಡುಗೆಮನೆಯಲ್ಲಿ. ಎರಡು ವರ್ಷದ ಹಿಂದೆ, ಸೆಪ್ಟೆಂಬರ್ ಕೊನೆಯ ವಾರ. ಆಗ ಹದಿನಾರು ವರ್ಷದವನಾಗಿದ್ದ ನನ್ನ ಮಗ ಶಾಲೆಯಿಂದ ಬಂದವನೇ ಬ್ಯಾಗ್ ಕೂಡ ಇಳಿಸದೆ ಕೇಳಿದ: "ಅಪ್ಪ, ನನ್ನ ಫ್ರೆಂಡ್‌ನ ಅಜ್ಜ ಕರೆದಿದ್ದಾರೆ. ಅಕ್ಟೋಬರ್ ಮೊದಲ ವಾರ ಸಾಲ್ಮನ್ ಹಿಡಿಯೋಕೆ, ಇಲ್ಲಾಂದ್ರೆ ನವೆಂಬರ್ 15ಕ್ಕೆ ಡೀರ್ ಕ್ಯಾಂಪ್‌ಗೆ. ಒಂದನ್ನ ಆರಿಸು ಅಂದಿದ್ದಾರೆ. ಯಾವುದಕ್ಕೆ ಹೋಗ್ಲಿ?"

ನಾವಿರುವುದು ಮಿಷಿಗನ್ ರಾಜ್ಯದ ಪಶ್ಚಿಮ ಭಾಗದಲ್ಲಿ. ಇಲ್ಲಿ ನವೆಂಬರ್ 15 ಅಂದರೆ ಹೆಚ್ಚುಕಡಿಮೆ ಹಬ್ಬದ ದಿನ. ಬಂದೂಕಿನ ಜಿಂಕೆ ಬೇಟೆ ಅವತ್ತೇ ಶುರುವಾಗಿ 30ಕ್ಕೆ ಮುಗಿಯುತ್ತದೆ. ವಾರದ ಯಾವ ದಿನ ಬಂದರೂ ತಾರೀಕು ಬದಲಾಗುವುದಿಲ್ಲ. ಉತ್ತರದ ಊರುಗಳಲ್ಲಿ ಎಷ್ಟೋ ಶಾಲೆಗಳು ಅವತ್ತು ಬಾಗಿಲು ಹಾಕುತ್ತವೆ. ನಿಮ್ಮ ತರಗತಿಯಲ್ಲೂ ಮರುದಿನ ಕಿತ್ತಳೆ ಟೋಪಿ ಹಾಕಿಕೊಂಡ ಫೋಟೋ ತೋರಿಸುವ ಗೆಳೆಯರು ಇದ್ದೇ ಇರುತ್ತಾರೆ. ನೀವು ಆಗ ಏನು ಹೇಳಬೇಕು ಅಂತ ತಿಳಿಯದೆ "ಕೂಲ್" ಅಂದು ಸುಮ್ಮನಾಗಿರುತ್ತೀರಿ. ನಮ್ಮ ಮನೆಗಳಲ್ಲಿ ಈ ವಿಷಯ ಮಾತಿಗೆ ಬರುವುದೇ ಅಪರೂಪ.

ನಮ್ಮ ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ನಾನು ತೀರ್ಥಹಳ್ಳಿ ಕಡೆಯವನು, ಮೀನು ತಿನ್ನುತ್ತೇನೆ. ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಮಗ ಅಮ್ಮನ ಎದುರು ಸಸ್ಯಾಹಾರಿ, ಶಾಲೆಯ ಕ್ಯಾಂಟೀನಿನಲ್ಲಿ ಬೇರೆ. ಊರಿನಿಂದ ಫೋನಿನಲ್ಲಿ ಸುದ್ದಿ ಕೇಳಿದ ನನ್ನ ತಾಯಿಯ ತೀರ್ಪು ಒಂದೇ ಸಾಲಿನದು: "ಮೀನು ಬೇಕಾದ್ರೆ ಹಿಡೀಲಿ, ಜಿಂಕೆ ಮಾತ್ರ ಬ್ಯಾಡ." ಮೀನಿಗೂ ಜಿಂಕೆಗೂ ಏನು ವ್ಯತ್ಯಾಸ ಅಂತ ಮೊಮ್ಮಗ ಕೇಳಿದ್ದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಹಾಗಾಗಿ ಇಬ್ಬರೂ ಕೂತು ಎರಡನ್ನೂ ಸರಿಯಾಗಿ ತಿಳಿದುಕೊಂಡೆವು. ಅದನ್ನೇ ನಿಮಗೆ ಹೇಳುತ್ತಿದ್ದೇನೆ.

ಮೊದಲು ಸಾಲ್ಮನ್. ಮಿಷಿಗನ್ನಿನ ನದಿಗಳಲ್ಲಿ ಶರದೃತುವಿನಲ್ಲಿ ಕಾಣುವ ಚಿನೂಕ್, ಕೋಹೋ ಸಾಲ್ಮನ್‌ಗಳು ಇಲ್ಲಿಯವೇ ಅಲ್ಲ, ಪೆಸಿಫಿಕ್ ಸಮುದ್ರದವು. ಕಾಲುವೆಗಳ ದಾರಿಯಿಂದ ಮಹಾಸರೋವರಗಳಿಗೆ ನುಗ್ಗಿದ ಲ್ಯಾಂಪ್ರೆ ಎಂಬ ರಕ್ತಹೀರುವ ಜೀವಿ, ಜೊತೆಗೆ ಮಿತಿಮೀರಿದ ಮೀನುಗಾರಿಕೆ, ಇವೆರಡೂ ಸೇರಿ ಇಲ್ಲಿನ ಲೇಕ್ ಟ್ರೌಟ್ ಮೀನುಗಳನ್ನು ಮುಗಿಸಿದವು. ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಪುಟ್ಟ ಮೀನು ಮಿತಿಮೀರಿ ಬೆಳೆಯಿತು. 1967ರಲ್ಲಿ ಅವು ಸತ್ತು ದಡಕ್ಕೆ ರಾಶಿ ರಾಶಿಯಾಗಿ ಬಿದ್ದಾಗ ಮಿಷಿಗನ್ ಸರೋವರದ ಬೀಚುಗಳಲ್ಲಿ ಮೂಗು ಬಿಡುವಂತಿರಲಿಲ್ಲವಂತೆ. ಅದಕ್ಕೆ ಒಂದು ವರ್ಷ ಮೊದಲೇ, 1966ರಲ್ಲಿ, ರಾಜ್ಯದ ಮೀನುಗಾರಿಕಾ ವಿಭಾಗದ ಮುಖ್ಯಸ್ಥ ಹೋವರ್ಡ್ ಟ್ಯಾನರ್ ಒಂದು ಸಾಹಸ ಮಾಡಿದ್ದರು. ಆರೆಗನ್‌ನಿಂದ ಕೋಹೋ ಮೊಟ್ಟೆ ತರಿಸಿ, ಮರಿ ಮಾಡಿಸಿ, ಪ್ಲ್ಯಾಟ್ ನದಿಗೆ ಬಿಡಿಸಿದರು. ಮರುವರ್ಷ ಚಿನೂಕ್ ಕೂಡ ಬಂತು. ಏಲ್‌ವೈಫ್ ತಿಂದು ಅವು ಕೊಬ್ಬಿದವು.

ಈಗ ಮಿಷಿಗನ್ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿನ ನದಿಗಳಲ್ಲೇ ತಾವಾಗಿ ಹುಟ್ಟಿದವು. ಅಪ್ಪ ಅಮ್ಮ ಬೇರೆ ಕಡೆಯಿಂದ ಬಂದವರು, ಮಕ್ಕಳು ಇಲ್ಲೇ ಹುಟ್ಟಿದವರು. ನಿಮಗೆ ಪರಿಚಿತ ಕತೆ ಅನ್ನಿಸಿದರೆ ಅದು ನನ್ನ ತಪ್ಪಲ್ಲ.

ಈ ಮೀನು ನದಿಯಲ್ಲಿ ಹುಟ್ಟಿ, ಸರೋವರಕ್ಕಿಳಿದು ಮೂರು ನಾಲ್ಕು ವರ್ಷ ತಿಂದು ಬೆಳೆದು, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಹುಟ್ಟಿದ ನದಿಯ ನೀರಿನ ವಾಸನೆ ಹಿಡಿದು ವಾಪಸ್ ಬರುತ್ತದೆ. ನದಿಯೊಳಗೆ ಬಂದ ಮೇಲೆ ಊಟ ಬಿಡುತ್ತದೆ. ಮೊಟ್ಟೆ ಇಡುತ್ತದೆ, ಸಾಯುತ್ತದೆ. ಪ್ರತಿಯೊಂದೂ ಸಾಯುತ್ತದೆ. ಪೆರ್ ಮಾರ್ಕೆಟ್, ಮ್ಯಾನಿಸ್ಟೀ, ಮಸ್ಕೀಗನ್ ನದಿಗಳ ದಂಡೆಗೆ ಅಕ್ಟೋಬರ್ ಕೊನೆಗೆ ಹೋದರೆ ಸತ್ತ ಮೀನಿನ ವಾಸನೆಯೇ ನಿಮ್ಮನ್ನು ಎದುರುಗೊಳ್ಳುತ್ತದೆ. ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನ ನಡುಮಧ್ಯದಲ್ಲೇ, ಸಿಕ್ಸ್ತ್ ಸ್ಟ್ರೀಟ್ ಅಣೆಕಟ್ಟಿನ ಕೆಳಗೆ, ಆಫೀಸ್ ಕಟ್ಟಡಗಳ ನೆರಳಿನಲ್ಲಿ ಜನ ಸೊಂಟದವರೆಗೆ ನೀರಿಗಿಳಿದು ಗಾಳ ಬೀಸುತ್ತಿರುತ್ತಾರೆ. ಪುಕ್ಕಟೆ ನೋಟ, ಒಮ್ಮೆ ಹೋಗಿ ನೋಡಿ.

ನನಗೆ ಇದನ್ನು ನೋಡಿದಾಗಲೆಲ್ಲ ಮಲೆನಾಡಿನ ಹತ್ತು ಮೀನು ನೆನಪಾಗುತ್ತದೆ. ಮುಂಗಾರಿನ ಮೊದಲ ಜಡಿಮಳೆಗೆ ಹೊಳೆ ಕೆಂಪಾಗಿ ಉಕ್ಕಿದಾಗ ಮೀನುಗಳು ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತಿ ಬರುತ್ತವೆ. ನೀರಿಗೆದುರಾಗಿ ಹತ್ತುವುದರಿಂದ ಹತ್ತು ಮೀನು. ರಾತ್ರಿ ಟಾರ್ಚು, ಕತ್ತಿ, ಬುಟ್ಟಿ ಹಿಡಿದು ಊರಿಗೆ ಊರೇ ಗದ್ದೆಗಿಳಿಯುತ್ತಿತ್ತು. ಚಿಕ್ಕವನಾಗಿ ನಾನೂ ಇಳಿದಿದ್ದೇನೆ. ಹೊಟ್ಟೆ ತುಂಬ ಮೊಟ್ಟೆ ಇದ್ದ ಮೀನು ಸಿಕ್ಕರೆ ನಮಗೆ ಖುಷಿ ಹೆಚ್ಚು. ಮುಂದಿನ ವರ್ಷದ ಮೀನನ್ನೇ ಹಿಡಿದು ತಿನ್ನುತ್ತಿದ್ದೇವೆ ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ. ಅದೇ ತುಂಗೆಯಲ್ಲಿ, ಶೃಂಗೇರಿಯ ಮಠದ ಎದುರು ಮತ್ತು ನಮ್ಮೂರ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ, ಅದೇ ಜಾತಿಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈಮುಗಿದು ಬರುತ್ತಿದ್ದೆವು. ಒಂದೇ ಹೊಳೆ, ಎರಡು ನಿಯಮ. ಇಲ್ಲಿನವರ ಹಾಗೆ ಎಲ್ಲ ಕಡೆಗೂ ಒಂದೇ ಪುಸ್ತಕದ ನಿಯಮ ನಮ್ಮಲ್ಲಿರಲಿಲ್ಲ, ಆದರೆ ಕೈಹಾಕಬಾರದ ಮಡು ಒಂದಿರಬೇಕು ಎಂಬ ಬುದ್ಧಿ ಇತ್ತು.

ಇಲ್ಲಿನ ನಿಯಮ ಸರಳ. 17 ತುಂಬದವರಿಗೆ ಮೀನು ಹಿಡಿಯಲು ಲೈಸೆನ್ಸ್ ಬೇಕಿಲ್ಲ, ನಂತರ ಬೇಕು. ಗಾಳ ಮೀನಿನ ಬಾಯಿಗೇ ಸಿಕ್ಕಿರಬೇಕು. ಬೆನ್ನಿಗೋ ಬಾಲಕ್ಕೋ ಸಿಕ್ಕಿದರೆ ತಕ್ಷಣ ಬಿಟ್ಟುಬಿಡಬೇಕು. ಬೇಕೆಂದೇ ಮೈಗೆ ಗಾಳ ಸಿಕ್ಕಿಸಿ ಎಳೆಯುವುದು ಅಪರಾಧ. ಆದರೂ ಕಿಕ್ಕಿರಿದ ಜಾಗಗಳಲ್ಲಿ ಮಾಡುವವರಿದ್ದಾರೆ, ನಿಮ್ಮ ಪಕ್ಕದವನು ಮಾಡುತ್ತಿದ್ದರೆ ಅವನಿಂದ ಕಲಿಯಬೇಡಿ. ಹಾಗಾದರೆ ಊಟ ಬಿಟ್ಟ ಮೀನು ಗಾಳ ಯಾಕೆ ಕಚ್ಚುತ್ತದೆ? ಸಿಟ್ಟಿಗೆ. ತನ್ನ ಜಾಗಕ್ಕೆ ಬಂದಿದ್ದನ್ನು ಓಡಿಸಲು. ಇಲ್ಲಿ ಎರೆಯಾಗಿ ಹೆಚ್ಚು ಬಳಸುವುದು ಸಾಲ್ಮನ್ ಮೊಟ್ಟೆಯನ್ನೇ. ಅಂದಹಾಗೆ 'ಎರೆ' ಎಂಬ ಕನ್ನಡದ ಮಾತು ನೋಡಿ. ಗಾಳಕ್ಕೆ ಸಿಕ್ಕಿಸುವ ತಿನಿಸೂ ಎರೆ, ಮಣ್ಣಿನಲ್ಲಿರುವ ಹುಳವೂ ಎರೆ. ನಮ್ಮ ಹಿರಿಯರಿಗೆ ಎರೆಹುಳುವಿನ ಮುಖ್ಯ ಉಪಯೋಗ ಏನಾಗಿತ್ತು ಅಂತ ಭಾಷೆಯೇ ಹೇಳುತ್ತದೆ.

ಇನ್ನು ಜಿಂಕೆ. ಇಲ್ಲಿ ನನ್ನ ಅನುಭವವೊಂದನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ನಾನು ನಡುವೆ ನಿಂತು ನ್ಯಾಯ ಹೇಳುತ್ತಿದ್ದೇನೆ ಅಂದುಕೊಳ್ಳುತ್ತೀರಿ. ಮಗ ಈ ಪ್ರಶ್ನೆ ಕೇಳುವುದಕ್ಕೆ ಹಿಂದಿನ ವರ್ಷ, ಅಕ್ಟೋಬರ್ ಕೊನೆಯ ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ನನ್ನ ಕಾರಿಗೆ ಹೆಣ್ಣು ಜಿಂಕೆಯೊಂದು ಅಡ್ಡ ಬಂತು. ಬ್ರೇಕ್ ಹಾಕುವಷ್ಟರಲ್ಲಿ ಆಗಿಹೋಗಿತ್ತು. ಅದು ಸಾಯಲಿಲ್ಲ. ಹಿಂಗಾಲು ಎರಡೂ ಮುರಿದು ಹುಲ್ಲಿನಲ್ಲಿ ಏಳಲು ಒದ್ದಾಡುತ್ತಿತ್ತು. ಪೊಲೀಸ್ ಬಂದು ಗುಂಡು ಹಾರಿಸುವವರೆಗೆ, ಸುಮಾರು ಇಪ್ಪತ್ತು ನಿಮಿಷ, ನಾನು ಅಲ್ಲೇ ನಿಂತಿದ್ದೆ. ಹಿಂದೆ ಬಂದು ನಿಂತ ಪಿಕಪ್ ಟ್ರಕ್ಕಿನವನು ಮೆಲ್ಲಗೆ ಕೇಳಿದ, "ನಿಮಗೆ ಬೇಡವಾದರೆ ನಾನು ಒಯ್ಯಲೇ?" ಮೊದಲು ನನಗೆ ಸಿಟ್ಟು ಬಂತು. ಆಮೇಲೆ ತಿಳಿಯಿತು, ರಸ್ತೆಯಲ್ಲಿ ಸತ್ತ ಜಿಂಕೆಯನ್ನು ಪರ್ಮಿಟ್ ತೆಗೆದುಕೊಂಡು ಮನೆಗೆ ಒಯ್ಯಲು ಇಲ್ಲಿ ಕಾನೂನಿದೆ, ಆ ಮಾಂಸ ಅವನ ಮನೆಯ ಚಳಿಗಾಲದ ಊಟ. ನಾನು, ಜಿಂಕೆಯನ್ನು ಎಂದೂ ತಿನ್ನದವನು, ಅದನ್ನು ಕೊಂದಿದ್ದೆ. ಅದಕ್ಕೆ ಏನಾದರೂ ಬೆಲೆ ಕೊಟ್ಟವನು ಅವನು.

ಮಿಷಿಗನ್‌ನಲ್ಲಿ ಸುಮಾರು 20 ಲಕ್ಷ ಜಿಂಕೆಗಳಿವೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಕಾರುಗಳು ಅವಕ್ಕೆ ಡಿಕ್ಕಿ ಹೊಡೆಯುತ್ತವೆ. ರಾಜ್ಯದ ತೋಳಗಳು ಉಳಿದಿರುವುದು ಉತ್ತರದ ಪರ್ಯಾಯ ದ್ವೀಪದಲ್ಲಿ. ನಾವಿರುವ ಕಡೆ ಜಿಂಕೆಯ ಸಂಖ್ಯೆಯನ್ನು ಹಿಡಿದಿಡುವುದು ಬೇಟೆಗಾರ, ಕಾರು, ಚಳಿ ಮತ್ತು ರೋಗ. ರೋಗ ಅಂದೆ. ಮಿದುಳನ್ನು ತೂತು ತೂತು ಮಾಡುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ 2015ರಲ್ಲಿ ಇಲ್ಲಿನ ಕಾಡುಜಿಂಕೆಗಳಲ್ಲಿ ಮೊದಲು ಕಂಡಿತು. ಮದ್ದಿಲ್ಲ. ಅದು ಮನುಷ್ಯರಿಗೆ ಬಂದ ದಾಖಲೆ ಇಲ್ಲ, ಆದರೂ ರೋಗವಿರುವ ಜಿಂಕೆಯನ್ನು ತಿನ್ನಬೇಡಿ ಎಂದು ಆರೋಗ್ಯ ಇಲಾಖೆಗಳು ಹೇಳುತ್ತವೆ. ರೋಗ ಕಂಡ ಕಡೆ ಬೇಟೆಯಾಡಿದವರು ಜಿಂಕೆಯ ತಲೆಯನ್ನು ಪರೀಕ್ಷೆಗೆ ಕೊಟ್ಟು ಫಲಿತಾಂಶಕ್ಕೆ ಕಾಯುತ್ತಾರೆ.

ನವೆಂಬರ್ ಯಾಕೆ? ಅದು ಜಿಂಕೆಗಳ ಬೆದೆಯ ಕಾಲ. ಉಳಿದ ಹನ್ನೊಂದು ತಿಂಗಳು ನೆರಳಿನಂತೆ ಅಡಗಿರುವ ಗಂಡು ಆಗ ಎಚ್ಚರ ತಪ್ಪಿ ಹಗಲಿನಲ್ಲೇ ಓಡಾಡುತ್ತದೆ. ರಸ್ತೆ ಅಪಘಾತ ಹೆಚ್ಚುವುದೂ ಅದೇ ಕಾರಣಕ್ಕೆ. ಬೇಟೆಗಾರ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಮರದ ಮೇಲಿನ ಅಟ್ಟಣೆಯಲ್ಲೋ ನೆಲದ ಮರೆಯಲ್ಲೋ ಹೊಂಚು ಹಾಕಿ ಕೂರುತ್ತಾನೆ. ಎಂಟು ಗಂಟೆ ಮೈ ಕೊರೆಯುವ ಚಳಿಯಲ್ಲಿ ಅಲ್ಲಾಡದೆ ಕೂತು ಏನೂ ಕಾಣದೆ ವಾಪಸ್ ಬರುವುದೇ ಹೆಚ್ಚು. ಬಂದರೂ ಗುಂಡು ಮುಂಗಾಲಿನ ಹಿಂದೆ, ಎದೆಗೂಡಿಗೇ ತಗಲಬೇಕು, ಹೃದಯ ಶ್ವಾಸಕೋಶ ಇರುವಲ್ಲಿ. ಒಂದು ಗೇಣು ಹಿಂದೆ ಹೊಟ್ಟೆಗೆ ತಗುಲಿದರೆ ಜಿಂಕೆ ಗಂಟೆಗಟ್ಟಲೆ ನರಳುತ್ತದೆ, ನೀವು ಕತ್ತಲಲ್ಲಿ ರಕ್ತದ ಜಾಡು ಹಿಡಿದು ಹುಡುಕಬೇಕು. ನನ್ನ ಮಗನಿಗೆ ಅಜ್ಜ ಹೇಳಿದ ಮೊದಲ ಪಾಠ ಇದು: "ಅನುಮಾನ ಬಂದರೆ ಟ್ರಿಗರ್ ಒತ್ತಬೇಡ, ಅದು ಹೋಗಲಿ."

ನೇರವಾಗಿ ಹೇಳುತ್ತೇನೆ. ಮೀನುಗಾರಿಕೆಯಲ್ಲಿ ತಪ್ಪು ಮಾಡಿ ಕಲಿಯಬಹುದು. ಜಿಂಕೆ ಬೇಟೆಯಲ್ಲಿ ತಪ್ಪು ಮಾಡಿ ಕಲಿಯುವುದಕ್ಕಾಗುವುದಿಲ್ಲ. ಸಿಕ್ಕ ಮೀನನ್ನು ಬಿಡಬಹುದು, ಹಾರಿದ ಗುಂಡನ್ನು ವಾಪಸ್ ಕರೆಯಲಾಗದು. ಮೊದಲ ವರ್ಷಕ್ಕೆ ಗಾಳವೇ ಸರಿ ಅಂತ ನಾನು ಹೇಳಿದ್ದು ಈ ಕಾರಣಕ್ಕೆ, ಮೀನಿನ ಜೀವ ಅಗ್ಗ ಅಂತ ಅಲ್ಲ. 'ಹಿಡಿದು ಬಿಡುವುದು' ತುಂಬ ಪುಣ್ಯದ ಕೆಲಸ ಅಂತಲೂ ನಾನು ನಂಬುವುದಿಲ್ಲ. ಸಾಯುವ ಮುನ್ನ ಮೊಟ್ಟೆಯಿಡಲು ಬಂದ, ಊಟ ಬಿಟ್ಟ ಮೀನನ್ನು ಅರ್ಧ ಗಂಟೆ ಆಡಿಸಿ, ಫೋಟೋ ತೆಗೆದು ಬಿಡುವುದರಲ್ಲಿ ಮೀನಿಗೇನು ಲಾಭ? ತಿನ್ನುವುದಾದರೆ ಹಿಡಿಯಿರಿ, ಬೇಗ ಕೊಲ್ಲಿ. ಮೊಟ್ಟೆಯ ಗೂಡಿನ ಮೇಲೆ ನಿಂತ ಜೋಡಿಯನ್ನು ಬಿಟ್ಟು ಮುಂದೆ ಹೋಗಿ.

ಹದಿನಾರು ವರ್ಷದವರು ಬೇಟೆಗೆ ಹೋಗಬೇಕಾದರೆ ಸುರಕ್ಷತಾ ತರಗತಿ ಮುಗಿಸಬೇಕು. 1960ರ ಜನವರಿ 1ರಂದು ಅಥವಾ ನಂತರ ಹುಟ್ಟಿದ ಎಲ್ಲರಿಗೂ ಮಿಷಿಗನ್‌ನಲ್ಲಿ ಇದು ಕಡ್ಡಾಯ, ಅಂದರೆ ನನಗೂ. ಪಾಠ ಆನ್‌ಲೈನ್ ಓದಿ, ಒಂದು ದಿನ ಎದುರುಬದುರು ಕೂತು ಕಲಿಯಬಹುದು. ತರಗತಿ ಆಗದವರಿಗೆ ಅಪ್ರೆಂಟಿಸ್ ಲೈಸೆನ್ಸ್ ಇದೆ, ಅದು ಎರಡು ವರ್ಷಕ್ಕೆ ಮಾತ್ರ, 21 ದಾಟಿದ ಲೈಸೆನ್ಸುದಾರರು ಪಕ್ಕದಲ್ಲೇ ಇರಬೇಕು. ಬಂದೂಕಿನ ಕಾಲದಲ್ಲಿ ಕಿತ್ತಳೆ ಬಣ್ಣದ ಟೋಪಿಯೋ ಜಾಕೆಟ್ಟೋ ಬೇಕೇಬೇಕು. ಅಟ್ಟಣೆ ಹತ್ತುವವರು ಇಡೀ ಮೈಯನ್ನು ಹಿಡಿದಿಡುವ ಹಾರ್ನೆಸ್ ಕಟ್ಟಿಕೊಳ್ಳಲೇಬೇಕು, ಏಕೆಂದರೆ ಗುಂಡಿಗಿಂತ ಮರದಿಂದ ಬಿದ್ದು ಗಾಯವಾಗುವುದೇನೂ ಕಡಿಮೆಯಲ್ಲ. ನದಿಗಿಳಿಯುವವರಿಗೆ ಅಷ್ಟೇ ಮುಖ್ಯವಾದದ್ದು ವೇಡರ್ ಮೇಲಿನ ಬೆಲ್ಟ್. ಅದಿಲ್ಲದೆ ಜಾರಿ ಬಿದ್ದರೆ ಆ ರಬ್ಬರ್ ಪ್ಯಾಂಟಿನೊಳಗೆ ನೀರು ತುಂಬುತ್ತದೆ, ಅಕ್ಟೋಬರಿನ ನೀರು ನಿಮ್ಮ ಕೈಕಾಲನ್ನು ಬೇಗ ಮರಗಟ್ಟಿಸುತ್ತದೆ.

ಒಂದು ಮಾತನ್ನು ಮಾತ್ರ ದಯವಿಟ್ಟು ಮರೆಯಬೇಡಿ. ನೀವು ಇಲ್ಲೇ ಹುಟ್ಟಿದವರು, ನಿಮಗಿದು ತಲೆಗೆ ಬಾರದು. ಆದರೆ ನಿಮ್ಮ ಬೆಂಗಳೂರಿನ ಕಸಿನ್ ಎಫ್-1 ವೀಸಾದಲ್ಲಿ ಓದಲು ಬಂದಿರುತ್ತಾನೆ, ಚಿಕ್ಕಪ್ಪ ಎಚ್-1ಬಿಯಲ್ಲಿರುತ್ತಾರೆ. ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಅಥವಾ ಮದ್ದುಗುಂಡು ಹೊಂದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಸ್ವಂತದ್ದಲ್ಲ, ಗೆಳೆಯನದು, ಬರೀ ಎರಡು ಸಲ ಶೂಟಿಂಗ್ ರೇಂಜಿನಲ್ಲಿ ಹಿಡಿದದ್ದು ಎಂಬ ಮಾತು ರಕ್ಷಣೆಯಾಗುವುದಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಕಾನೂನು ವಿನಾಯಿತಿ ಕೊಡುತ್ತದೆ, ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಇಲ್ಲ. ಆದರೂ ಒಂದು ವಾರಾಂತ್ಯದ ಮೋಜಿಗೆ ಯಾರ ವೀಸಾವನ್ನೂ ಪಣಕ್ಕಿಡಬೇಡಿ, ವಕೀಲರನ್ನು ಕೇಳದೆ ಅವರ ಕೈಗೆ ಬಂದೂಕು ಕೊಡಬೇಡಿ. ಗಾಳದ ಕೋಲು ಕೊಡಿ. ಅದಕ್ಕೆ ಬೇಕಾದದ್ದು ಅಂಗಡಿಯಲ್ಲಿ ಸಿಗುವ ಲೈಸೆನ್ಸ್ ಮಾತ್ರ.

ಈ ಎರಡೂ ಹವ್ಯಾಸದವರು ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಮಗ ಕೇಳಿದ. ಒಳ್ಳೆಯ ಪ್ರಶ್ನೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬೇಟೆಯ ಬಂದೂಕು, ಗುಂಡುಗಳ ಮೇಲೆ ಶೇ. 11 ತೆರಿಗೆ ಇದೆ, ಅದು ವನ್ಯಜೀವಿ ಕೆಲಸಕ್ಕೆ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಮೀನಿನ ಸಾಮಾನಿಗೆ 1950ರ ಡಿಂಗೆಲ್-ಜಾನ್ಸನ್ ಕಾಯ್ದೆ ಇದೆ. ನಾವು ಬೇಸಿಗೆಯಲ್ಲಿ ಪಿಕ್ನಿಕ್ ಮಾಡಿ ಪುಳಿಯೋಗರೆ ತಿನ್ನುವ ಎಷ್ಟೋ ಜಾಗಗಳನ್ನು ಉಳಿಸಿದ ಹಣದಲ್ಲಿ ಇದೂ ಸೇರಿದೆ. ಬೇಟೆಗಾರರ ಸಂಖ್ಯೆ ಇಳಿಯುತ್ತಿರುವುದು ಪರಿಸರ ಇಲಾಖೆಗೇ ತಲೆನೋವು.

ಬೇಟೆ ನಮ್ಮದಲ್ಲ, ಇಲ್ಲಿಯವರದ್ದು ಅಂದುಕೊಳ್ಳಬೇಡಿ. ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮೃಗಯಾವಿನೋದ, ಮತ್ಸ್ಯವಿನೋದ ಎಂದು ಎರಡಕ್ಕೂ ಅಧ್ಯಾಯಗಳಿವೆ. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಏನು ತಿನಿಸು ಎಂಬುದೆಲ್ಲ ಅಲ್ಲಿದೆ. ನನ್ನ ಮಗನಿಗೆ ಬಂದ ಆಯ್ಕೆ ಆ ದೊರೆಗೆ ಬರಲಿಲ್ಲ, ಅವನು ಎರಡೂ ಮಾಡಿದ. ಅದಕ್ಕೂ ಹಿಂದೆ, 10ನೇ ಶತಮಾನದ ಆತಕೂರಿನ ವೀರಗಲ್ಲು ಇದೆ. ಹಂದಿಯ ಮೇಲೆ ಬಿದ್ದು ಕೊಂದು ತಾನೂ ಸತ್ತ ಕಾಳಿ ಎಂಬ ಬೇಟೆನಾಯಿಗಾಗಿ ನೆಟ್ಟ ಕಲ್ಲು ಅದು. ಬೆಂಗಳೂರಿಗೆ ಹೋದಾಗ ಕಬ್ಬನ್ ಪಾರ್ಕ್ ಪಕ್ಕದ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಕೊಡಗಿನಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ ಪೂಜಿಸಿ ಬೇಟೆಗೆ ಹೊರಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ಈಗ ಆ ಹಬ್ಬದಲ್ಲಿ ಗುರಿಯಿಡುವುದು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಇಲ್ಲಿ ಬೇಟೆಯಾಡಿಸಿ ಕಾಡು ಉಳಿಸುತ್ತಾರೆ, ಅಲ್ಲಿ ಬೇಟೆ ನಿಲ್ಲಿಸಿ ಕಾಡು ಉಳಿಸುತ್ತಾರೆ. ಎರಡೂ ಆಯಾ ನೆಲಕ್ಕೆ ಸರಿ ಅಂತ ನನಗನ್ನಿಸುತ್ತದೆ. ಜಿಂಕೆಯನ್ನು ತಿನ್ನಲು ಅಲ್ಲಿ ಹುಲಿ ಇದೆ, ಸೀಳುನಾಯಿ ಇದೆ.

ಕೊನೆಗೆ ಮಗ ಸಾಲ್ಮನ್ ಆರಿಸಿದ. ಅಕ್ಟೋಬರ್ ಮೊದಲ ಶನಿವಾರ ಪೆರ್ ಮಾರ್ಕೆಟ್ ನದಿಗೆ ಹೋದ. ರಾತ್ರಿ ಫೋನ್ ಮಾಡಿದಾಗ ದನಿ ಸಣ್ಣದಾಗಿತ್ತು. ಮಧ್ಯಾಹ್ನದವರೆಗೆ ಏನೂ ಇಲ್ಲ, ಆಮೇಲೆ ಒಂದು ಗಂಡು ಚಿನೂಕ್ ಸಿಕ್ಕಿತು, ಹದಿನಾಲ್ಕು ಪೌಂಡ್. ಅಜ್ಜ ಕೈಗೆ ಸಣ್ಣ ದೊಣ್ಣೆ ಕೊಟ್ಟು, ನೀನೇ ಹಿಡಿದದ್ದು, ನೀನೇ ಮುಗಿಸು ಅಂದರಂತೆ. "ಒಂದೇ ಏಟಿಗೆ ಆಗ್ಲಿಲ್ಲ ಅಪ್ಪ. ಮೂರು ಬೇಕಾಯ್ತು." ನಾನು ಏನೂ ಹೇಳಲಿಲ್ಲ. ಹತ್ತು ಮೀನು ಕಡಿಯುವಾಗ ನನಗೆ ಹೀಗೆ ಯಾರೂ ಯೋಚಿಸಲು ಬಿಟ್ಟಿರಲಿಲ್ಲ.

ನದಿಯಲ್ಲಿ ದೂರ ಬಂದ ಸಾಲ್ಮನ್ ಮಾಂಸ ಬಿಳಿಚಿ ಸಪ್ಪೆಯಾಗಿರುತ್ತದೆ, ಅಂಗಡಿಯ ಕೆಂಪು ಹೋಳಿನ ಆಸೆ ಇಟ್ಟುಕೊಳ್ಳಬೇಡಿ. ಅಜ್ಜ ಅರ್ಧವನ್ನು ಹೊಗೆಯಲ್ಲಿ ಒಣಗಿಸಿ ಕೊಟ್ಟರು, ಉಳಿದದ್ದಕ್ಕೆ ನಾನು ಊರಿನ ವಾಟೆಹುಳಿ ಹಾಕಿ ಸಾರು ಮಾಡಿದೆ. ಹಿಡಿದ ಮೀನನ್ನು ತಿನ್ನುವ ಮುನ್ನ ಆ ನೀರಿನ ಬಗ್ಗೆ ರಾಜ್ಯದ ಆರೋಗ್ಯ ಇಲಾಖೆ ಏನು ಹೇಳಿದೆ ನೋಡಿಕೊಳ್ಳಿ. ಪಿಫಾಸ್ ರಾಸಾಯನಿಕದಿಂದಾಗಿ 2018ರಲ್ಲಿ ಹ್ಯೂರಾನ್ ನದಿಯ ಮೀನು ತಿನ್ನಬೇಡಿ ಎಂದರು, ಅದೇ ವರ್ಷ ಆಸ್ಕೋಡಾ ಬಳಿಯ ಜೌಗು ಸುತ್ತಲಿನ ಜಿಂಕೆಯನ್ನೂ ತಿನ್ನಬೇಡಿ ಎಂದರು. ಆ ರಾತ್ರಿ ಮಗ ಎರಡು ಸಲ ಬಡಿಸಿಕೊಂಡ. ಹೆಂಡತಿ ಕಿಟಕಿ ತೆರೆದಿಟ್ಟು ಪಕ್ಕದಲ್ಲೇ ಕೂತು ಮೊಸರನ್ನ ತಿಂದಳು.

ನವೆಂಬರ್ 15ಕ್ಕೂ ಅವನು ಹೋದ, ಆದರೆ ಬಂದೂಕಿಲ್ಲದೆ. ನೋಡಲಿಕ್ಕೆ ಬಾ, ಕಿತ್ತಳೆ ಟೋಪಿ ನಾನೇ ಕೊಡುತ್ತೇನೆ ಅಂದಿದ್ದರು ಅಜ್ಜ. ನಾಲ್ಕೂವರೆಗೆ ಎದ್ದು, ಮರೆಯಲ್ಲಿ ಅವರ ಪಕ್ಕ ಕೂತು, ಹತ್ತು ಗಂಟೆಗೆ ಒಂದು ಹೆಣ್ಣು ಜಿಂಕೆ ಮತ್ತು ಅದರ ಹಿಂದೆ ಆ ವರ್ಷದ ಮರಿ ನಲವತ್ತು ಗಜ ದೂರದಲ್ಲಿ ಹಾದುಹೋದವು. ಅಜ್ಜ ಬಂದೂಕು ಎತ್ತಲಿಲ್ಲ. ಯಾಕೆ ಅಂತ ಮಗ ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಈ ಆಗಸ್ಟಿನಲ್ಲಿ ಅವನು ಸುರಕ್ಷತಾ ತರಗತಿಗೆ ಹೆಸರು ಕೊಟ್ಟಿದ್ದಾನೆ. ನಾನೂ ಜೊತೆಗೆ ಕೊಟ್ಟಿದ್ದೇನೆ. ಊರಿನಲ್ಲಿರುವ ಅಮ್ಮನಿಗೆ ಇನ್ನೂ ಹೇಳಿಲ್ಲ.